ಆರು ಮಿಲಿಮೀಟರಿನ ಮೆಟ್ಟಿಲು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಳತೆಯಮ್ಮ ಎನ್ನುತ್ತಿದ್ದರು. ವಯಸ್ಸು ಮೂವತ್ತೊಂದು, ಅಮ್ಮ ಎನ್ನಿಸಿಕೊಳ್ಳುವ ವಯಸ್ಸೇನಲ್ಲ. ಆದರೆ ಬಂದ ಚಹಾ ಲೋಟದಲ್ಲಿ ಎಷ್ಟಿದೆ ಎಂದು ಕಣ್ಣಲ್ಲೇ ಅಳೆದು ಕುಡಿಯುವ ಹೆಂಗಸನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವುದು, ಬೀಗ ಹಾಕಿ ಮೂರು ಸಲ ಜಗ್ಗುವುದು, ಬಸ್ಸಿನಲ್ಲಿ ಕೂತ ಮೇಲೂ ಬೀಗದ ಕೈಯನ್ನು ಮುಟ್ಟಿ ಮುಟ್ಟಿ ನೋಡುವುದು ಅವಳ ಅಭ್ಯಾಸ. ಮನೆಯಲ್ಲಿ ಇದನ್ನು ರೋಗ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಇದಕ್ಕೆ ಸಂಬಳ ಕೊಡುತ್ತಿದ್ದರು.

ಅಲ್ಲಿ ತಯಾರಾಗುತ್ತಿದ್ದದ್ದು ಗುಡ್ಡ ಅಗೆಯುವ, ಕಲ್ಲು ಹೊರುವ, ರಸ್ತೆ ತುಳಿಯುವ ದೈತ್ಯ ಯಂತ್ರಗಳ ಮಾದರಿಗಳು. ಒಂಬತ್ತು ಮೀಟರಿನ ಯಂತ್ರ ಐವತ್ತರಲ್ಲೊಂದು ಪಾಲಿಗೆ ಇಳಿದು ಹದಿನೆಂಟು ಸೆಂಟಿಮೀಟರ್ ಆಗಿ, ಸತುವಿನ ಮೈ ತಳೆದು, ಹಳದಿ ಬಣ್ಣ ಬಳಿದುಕೊಂಡು ಪೆಟ್ಟಿಗೆ ಸೇರುತ್ತಿತ್ತು. ದೊಡ್ಡ ಯಂತ್ರ ಮಾಡುವ ಕಂಪನಿಗಳೇ ಇವನ್ನು ಮಾಡಿಸಿಕೊಂಡು, ತಮ್ಮ ಗಿರಾಕಿಗಳಿಗೆ ಮೇಜಿನ ಮೇಲಿಡಲು ಕೊಡುತ್ತಿದ್ದವು. ಇವನ್ನು ಆಟಿಕೆ ಎಂದವರಿಗೆ ಕಾರ್ಖಾನೆಯ ಯಜಮಾನರು ಚಹಾ ತರಿಸುತ್ತಿರಲಿಲ್ಲ.

ಈ ಸಲ ಬಂದದ್ದು ಹಳೆಯ ಲೋಡರ್ ಒಂದರ ಕೆಲಸ. ಮುಂದೆ ದೊಡ್ಡ ಬಕೆಟ್ಟು, ನಡುವಿನಲ್ಲಿ ಸೊಂಟ ಬಳುಕುವ ಕೀಲು, ಆಳೆತ್ತರದ ನಾಲ್ಕು ಚಕ್ರ. ಆ ಯಂತ್ರ ಹುಟ್ಟಿ ನಲವತ್ತು ವರ್ಷವಾಯಿತೆಂದು ಕಂಪನಿಯವರು ಸಮಾರಂಭ ಇಟ್ಟುಕೊಂಡಿದ್ದರು. ಸಾವಿರದ ಇನ್ನೂರು ಮಾದರಿ ಬೇಕು. ಆದರೆ ಅದು ಕಾಗದದ ಮೇಲೆ ಕೈಯಿಂದ ನಕ್ಷೆ ಬರೆಯುತ್ತಿದ್ದ ಕಾಲದ ಯಂತ್ರ. ಮೂವತ್ತು ಹಾಳೆಗಳಲ್ಲಿ ಹದಿನೇಳನೆಯದು ಕಾಣೆಯಾಗಿತ್ತು. ಚಾಲಕ ಹತ್ತುವ ಏಣಿ ಇದ್ದದ್ದು ಆ ಹಾಳೆಯಲ್ಲಿ. ಹಳೆಯ ಜಾಹೀರಾತಿನ ಚಿತ್ರ ನೋಡೋಣವೆಂದರೆ ಮಾರಾಟದ ಅಧಿಕಾರಿಯೊಬ್ಬ ಸರಿಯಾಗಿ ಏಣಿಯ ಮುಂದೆಯೇ ನಿಂತು ಹಲ್ಲು ಬಿಟ್ಟಿದ್ದ. ನಲವತ್ತು ವರ್ಷದ ಹಿಂದಿನ ಅವನ ಅಗಲ ಪ್ಯಾಂಟಿನ ಹಿಂದೆ ಎಷ್ಟು ಮೆಟ್ಟಿಲಿದ್ದವೋ ಆ ದೇವರಿಗೇ ಗೊತ್ತು.

"ಇನ್ನೂ ಓಡ್ತಿರೋ ಯಂತ್ರ ಎಲ್ಲಾದ್ರೂ ಸಿಕ್ಕಿದ್ರೆ ಅಳೆದು ತರಬಹುದಿತ್ತು," ಎಂದರು ಯಜಮಾನರು.

"ಒಂದಿದೆ," ಎಂದಳು ಅವಳು. "ಕಲ್ಲಿನ ಕ್ವಾರಿಯಲ್ಲಿ."

ಯಾರ ಕೈಯಲ್ಲಿದೆ ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅದನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದವನು ಅವಳ ಅಪ್ಪ.

ಒಂದು ರಜೆಯ ದಿನ ಹೋಗಿ ಏಣಿಯನ್ನು ಅಳೆದು ಬಂದಳು. ಮೂರು ಮೆಟ್ಟಿಲು. ಮೇಲಿನ ಎರಡಕ್ಕೆ ದುಂಡು ತೂತುಗಳು, ಕೆಳಗಿನದಕ್ಕೆ ಕಾಲು ಜಾರದಂತೆ ಐದು ಉಬ್ಬುಗೆರೆ. ಕೆಸರು ಮೆತ್ತಿದ ಕಾಲು ಮೊದಲು ಬೀಳುವುದು ಅಲ್ಲೇ ತಾನೆ, ಕಂಪನಿಯವರಿಗೆ ಎಷ್ಟು ಮುಂದಾಲೋಚನೆ ಎಂದುಕೊಂಡಳು. ಚಿಕ್ಕವಳಿದ್ದಾಗ ಬುತ್ತಿ ಡಬ್ಬಿ ಹಿಡಿದು ಅದೇ ಮೆಟ್ಟಿಲ ಮೇಲೆ ಎಷ್ಟೋ ಸಲ ಕೂತಿದ್ದಳು. ಉಬ್ಬುಗೆರೆಯ ಗುರುತು ತೊಡೆಗೆ ಒತ್ತಿ, ಸಂಜೆಯವರೆಗೂ ಉಳಿಯುತ್ತಿತ್ತು. ಅಗಲ ಮೂವತ್ತು ಸೆಂಟಿಮೀಟರ್. ಐವತ್ತರಿಂದ ಭಾಗಿಸಿದರೆ ಆರು ಮಿಲಿಮೀಟರ್. ಹಾಳೆಯ ತಲೆಯ ಮೇಲೆ ಯಂತ್ರದ ಸಂಖ್ಯೆ ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಮತ್ತೊಮ್ಮೆ ಅಳೆದು, ಮತ್ತೊಮ್ಮೆ ಸಹಿ ಮಾಡಿದಳು.

ಅಚ್ಚು ಕೊರೆಯುತ್ತಿದ್ದದ್ದು ಮೇಸ್ತ್ರಿ. ಅರವತ್ತು ದಾಟಿದ, ಎರಡೂ ಕಣ್ಣಿಗೆ ಆಪರೇಷನ್ ಆದ, ಉಕ್ಕನ್ನು ಬೆಣ್ಣೆಯ ಹಾಗೆ ಕೊರೆಯುವ ಮನುಷ್ಯ. ಕರಗಿಸಿದ ಸತು ತಣ್ಣಗಾಗುವಾಗ ಸಾವಿರಕ್ಕೆ ಆರು ಪಾಲು ಕುಗ್ಗುತ್ತದೆ; ಅಷ್ಟನ್ನು ಮೊದಲೇ ಸೇರಿಸಿ ಅಚ್ಚನ್ನು ದೊಡ್ಡದಾಗಿ ಕೊರೆಯಬೇಕು. ಆ ಲೆಕ್ಕ ಅವನ ಬೆರಳಿನಲ್ಲೇ ಇತ್ತು. ಏಣಿಯ ಹಾಳೆ ನೋಡಿ ಅವನು ಅವಳನ್ನು ಕರೆಸಿದ.

"ಅಳತೆಯಮ್ಮ, ಮೂರು ಮೆಟ್ಟಿಲಾ?"

"ಮೂರು."

"ಕೆಳಗಿಂದು ಬೇರೆ ಥರ ಇದೆಯಲ್ಲ ತಾಯಿ. ಸೋದರತ್ತೆ ಮಗು ಬಂದು ಫೋಟೋದಲ್ಲಿ ಸೇರ್ಕೊಂಡ ಹಾಗೆ."

"ನಾನು ಅದನ್ನ ಹತ್ತಿ ಇಳಿದಿದೀನಿ ಮೇಸ್ತ್ರಿ."

"ಹಾಗಾದ್ರೆ ಸರಿ. ಯಾಕೆ ಕೇಳಿದೆ ಅಂದ್ರೆ, ಅಚ್ಚಲ್ಲಿ ಕೊರೆಯೋದು ಸುಲಭ, ತುಂಬೋದು ಕಷ್ಟ. ನಾವು ಕೊರೆದ ಗುಳಿಯೇ ಅಲ್ಲಿ ಉಬ್ಬಾಗಿ ಬರೋದು. ಬೇಕು ಅಂದ್ರೆ ಯಾವತ್ತು ಬೇಕಾದ್ರೂ ಕೊರೀಬಹುದು. ಕೊರೆದ ಮೇಲೆ ಬೇಡ ಅನ್ನೋದು, ಆಡಿದ ಮಾತನ್ನ ವಾಪಸ್ ನುಂಗಿದ ಹಾಗೆ."

ಮೇಸ್ತ್ರಿ ಕೊರೆದ. ಐದು ಉಬ್ಬುಗೆರೆಗಳನ್ನೂ ಬಿಡಲಿಲ್ಲ. ಮೊದಲ ಇಪ್ಪತ್ತು ತುಣುಕು ಎರಕದ ಯಂತ್ರದಿಂದ ಉದುರಿದಾಗ ಯಜಮಾನರು ಭೂತಗನ್ನಡಿ ಹಿಡಿದು ನೋಡಿ, "ನೊಣ ಕೂಡ ಜಾರಲ್ಲ ಕಣ್ರೀ ಇದರ ಮೇಲೆ," ಎಂದರು. ಅದು ಅವರ ಬಾಯಿಂದ ಆ ವರ್ಷ ಬಂದ ಒಂದೇ ಒಂದು ಹೊಗಳಿಕೆ.

ಆಮೇಲೆ ಕಂಪನಿಯ ಪರೀಕ್ಷಕರು ಬಂದರು. ಆರಡಿ ಮೂರಿಂಚಿನ ಆಳು. ಬಾಗಿಲಲ್ಲಿ ಬಗ್ಗುವುದು ರೂಢಿಯಾಗಿ, ಬಾಗಿಲಿಲ್ಲದ ಕಡೆಯೂ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದರು. ಬಿಳಿ ಕೈಗವಸು ಹಾಕಿಕೊಂಡು, ನೂರ ಹನ್ನೆರಡು ಅಂಶಗಳ ಪಟ್ಟಿ ಮುಂದಿಟ್ಟುಕೊಂಡು, ಒಂದೊಂದಕ್ಕೂ ಗುರುತು ಹಾಕುತ್ತ ಹೋದರು. ಬಕೆಟ್ಟಿನ ಹಲ್ಲು ಎಂಟು, ಸರಿ. ಚಕ್ರದ ಬೋಲ್ಟು ಇಪ್ಪತ್ತು, ಸರಿ. ಹೊಗೆ ಕೊಳವೆಯ ಬಾಗು, ಸರಿ. ಅಳತೆಯಮ್ಮ ಗೋಡೆಗೆ ಒರಗಿ ನಿಂತು ಅವರ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ನಲವತ್ತೊಂದನೆಯ ಅಂಶದ ಹತ್ತಿರ ಪೆನ್ನು ನಿಂತಿತು.

"ಏಣಿ," ಎಂದರು ಪರೀಕ್ಷಕರು. ಚೀಲದಿಂದ ಒಂದು ಹಳದಿಗಟ್ಟಿದ ಹಾಳೆ ತೆಗೆದು ಬಿಚ್ಚಿದರು. "ಹದಿನೇಳನೇ ಹಾಳೆ. ಹೋದ ವಾರ ಬೀರು ಸರಿಸಿದಾಗ ಹಿಂದೆ ಸಿಕ್ತು. ಇದರಲ್ಲಿ ಎರಡೇ ಮೆಟ್ಟಿಲಿದೆ."

ಎಲ್ಲರೂ ಹಾಳೆಯನ್ನು ನೋಡಿದರು. ಆಮೇಲೆ ಮಾದರಿಯನ್ನು ನೋಡಿದರು. ಎರಡು, ಮೂರು. ಇದಕ್ಕೆ ಕಾಲೇಜು ಓದಿರಬೇಕಾದ ಅಗತ್ಯವಿರಲಿಲ್ಲ.

ಅಳತೆಯಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮೇಸ್ತ್ರಿ ಮುಂದೆ ಬಂದು, ಕೈ ಕಟ್ಟಿಕೊಂಡು, "ನನ್ನ ತಪ್ಪು ಸಾರ್. ಕೈ ಜಾರಿತು," ಎಂದ.

ಪರೀಕ್ಷಕರು ಭೂತಗನ್ನಡಿಯಲ್ಲಿ ಮೆಟ್ಟಿಲನ್ನು ನೋಡಿದರು. "ಜಾರಿದ ಕೈ ಐದು ಉಬ್ಬುಗೆರೆಯನ್ನೂ ಸಮ ಅಂತರದಲ್ಲಿ ಕೊರೀತಾ?"

"ವಯಸ್ಸಾಯ್ತು ಸಾರ್. ಜಾರೋದ್ರಲ್ಲೂ ಅಭ್ಯಾಸ ಆಗ್ಬಿಟ್ಟಿದೆ."

ಯಜಮಾನರ ಮುಖ ಅರಳಿತು. ಅವರು ಒಂದು ವರ್ಷದಿಂದ ಕಾಯುತ್ತಿದ್ದ ಮಾತಿದು. ಅಚ್ಚು ಕೊರೆಯುವ ಕೆಲಸವನ್ನು ಹೊರಗೆ ಕೊಟ್ಟು, ಮೇಸ್ತ್ರಿಯ ಬೆಂಚು ತೆಗೆಸಿ, ಆ ಜಾಗದಲ್ಲಿ ಗಾಜಿನ ಕೋಣೆ ಮಾಡಿಸಿ ಸೋಫಾ ಹಾಕಬೇಕೆಂಬುದು ಅವರ ಆಸೆ. "ನಾನು ಹೇಳ್ತಾನೇ ಇದ್ದೆ," ಎಂದರು ಪರೀಕ್ಷಕರಿಗೆ. "ಕಣ್ಣು ಸರಿಯಿಲ್ಲ ಇವರಿಗೆ. ನಾಳೆಯಿಂದಾನೇ ಬೇರೆ ವ್ಯವಸ್ಥೆ ಮಾಡ್ತೀನಿ."

"ಮಾಡಿ, ಬಿಡಿ, ಅದು ನಿಮ್ಮ ವಿಷಯ," ಎಂದರು ಪರೀಕ್ಷಕರು. "ನಾನು ಬಾಯಿ ಮಾತು ಬರ್ಕೊಳ್ಳೋದಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಳತೆ ಫೈಲು ತನ್ನಿ. ಅದರಲ್ಲಿ ಎರಡಿದ್ರೆ ಕೊರೆದವರ ತಪ್ಪು, ಮೂರಿದ್ರೆ ಅಳೆದವರ ತಪ್ಪು. ಯಾವ ಯಂತ್ರ ಅಳೆದ್ರಿ ಅನ್ನೋದೂ ಬೇಕು."

ಫೈಲು ಅವಳ ಕಂಕುಳಲ್ಲೇ ಇತ್ತು. ನಾಳೆ ಎಂದು ಅವರು ಹೇಳಿದ್ದು ದಯೆಯಿಂದಲೋ, ಚಹಾ ಹೊತ್ತಾಯಿತೆಂದೋ ಅವಳಿಗೆ ತಿಳಿಯಲಿಲ್ಲ.

ಹೊರಗೆ ನೀರಿನ ನಲ್ಲಿಯ ಹತ್ತಿರ ಮೇಸ್ತ್ರಿ ಕೈ ತೊಳೆಯುತ್ತಿದ್ದ. "ಯಾಕೆ ಹಾಗಂದ್ರಿ?" ಎಂದು ಅವಳು ಕೇಳಿದಳು.

"ನನಗೆ ಇನ್ನೆಷ್ಟು ದಿನ ತಾಯಿ. ನಿನಗೆ ಇನ್ನೂ ಮೂವತ್ತು ವರ್ಷ ಸರ್ವೀಸಿದೆ." ಕೈಯಿಂದ ನೀರು ಕೊಡವಿದ. "ಮನೆಗೆ ಹೋಗಿ ಎರಡು ಮೆಟ್ಟಿಲಿಂದು ಒಂದು ಹಾಳೆ ಬರೆದು ಸೇರಿಸು. ಕಥೆ ಮುಗೀತು."

ಬಸ್ಸಿನಲ್ಲಿ ಕೂತು ಅವಳು ಯೋಚಿಸಿದಳು. ಹಾಳೆ ಬದಲಾಯಿಸಿದರೆ ಮೇಸ್ತ್ರಿಯ ಬೆಂಚು ಹೋಗುತ್ತದೆ. ನಲವತ್ತು ವರ್ಷ ಕೂದಲೆಳೆಯ ಲೆಕ್ಕದಲ್ಲಿ ಕೊರೆದವನು ಕೈ ಜಾರಿದವನೆಂದು ಹೆಸರು ಹೊತ್ತು ಮನೆಗೆ ಹೋಗುತ್ತಾನೆ. ಬದಲಾಯಿಸದಿದ್ದರೆ ಹಾಳೆಯ ತಲೆಯ ಮೇಲೆ ಅವಳದೇ ದುಂಡಕ್ಷರದಲ್ಲಿ ಯಂತ್ರದ ಸಂಖ್ಯೆ ಇದೆ, ಸಂಖ್ಯೆ ಹಿಡಿದು ಹೋದರೆ ಅಪ್ಪನಿದ್ದಾನೆ. ಯಂತ್ರಕ್ಕೆ ಒಂದು ಮೊಳೆ ಹೊಡೆದವನನ್ನೂ ಯಂತ್ರದಿಂದ ಇಳಿಸಿ ಗೇಟಿನಲ್ಲಿ ಚೀಟಿ ಬರೆಯಲು ಕೂರಿಸುವುದು ಕ್ವಾರಿಯ ಕಾನೂನು. ಅಪ್ಪನಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಲೋಡರ್ ಬಿಟ್ಟು ಚೀಟಿ ಬರಿ ಎಂದರೆ ಅವನು ಅನ್ನ ಬಿಡುತ್ತಾನೆ. ಆದರೆ ಅಪ್ಪನೇ ಹಾಕಿದ್ದಾನೆಂದು ಯಾರು ಹೇಳಿದರು? ಅದು ಕಂಪನಿಯಿಂದಲೇ ಬಂದದ್ದು ಎಂದು ಅವನು ನೂರು ಸಲ ಹೇಳಿದ್ದನಲ್ಲ. ಈ ಕೊನೆಯ ಯೋಚನೆಗೆ ಜೋತುಬಿದ್ದು ಅವಳು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

ಅಪ್ಪ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಅವನು ಐದಡಿಗೆ ಒಂದಿಂಚು ಕಡಿಮೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರೆ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ, ಆದ್ದರಿಂದ ಒರಗುತ್ತಿರಲಿಲ್ಲ. ಕ್ವಾರಿಯಲ್ಲಿ ಅವನಿಗೆ ಮುಕ್ಕಾಲಣ್ಣ ಎಂದು ಹೆಸರು. ಆದರೆ ಲೋಡರಿನ ಮೇಲೆ ಕೂತರೆ ಸುತ್ತಲ ಇಪ್ಪತ್ತು ಮೀಟರಿನಲ್ಲಿ ಅವನಿಗಿಂತ ಎತ್ತರದವರು ಯಾರೂ ಇರುತ್ತಿರಲಿಲ್ಲ.

"ಅಪ್ಪ, ಲೋಡರಿನ ಕೆಳಗಿನ ಮೆಟ್ಟಿಲು ಯಾರು ಹಾಕಿದ್ದು?"

"ಕಂಪನಿಯಿಂದಾನೇ ಬಂದಿದ್ದು," ಎಂದ ಅಪ್ಪ, ರೇಡಿಯೋದಿಂದ ಕಿವಿ ತೆಗೆಯದೆ. "ಸ್ಪೆಷಲ್ ಅದು. ಎಲ್ಲಾ ಯಂತ್ರಕ್ಕೂ ಕೊಡಲ್ಲ."

ಒಳಗಿನಿಂದ ಅಮ್ಮನ ದನಿ ಬಂತು. "ಕಂಪನಿಯಿಂದ ಬಂದಿದ್ದಕ್ಕೆ ವೆಲ್ಡಿಂಗ್ ಕಡ್ಡಿ ನಮ್ಮ ಮಂಚದ ಕೆಳಗೆ ಯಾಕಿತ್ತಂತೆ ಕೇಳು."

"ಸುಮ್ನಿರೇ ನೀನು."

"ಇಪ್ಪತ್ತೆರಡು ವರ್ಷ ಸುಮ್ನಿದ್ದೆ. ಅದಕ್ಕೇ ಈ ಹುಡುಗಿ ನಂಬ್ಕೊಂಡು ಕೂತಿರೋದು." ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಏನಾಯ್ತು ಪುಟ್ಟಿ? ಮುಖ ಯಾಕೆ ಹೀಗಿದೆ?"

ಅವಳು ಹೇಳಿದಳು. ಫೈಲು, ಹದಿನೇಳನೆಯ ಹಾಳೆ, ಮೇಸ್ತ್ರಿ, ನಾಳೆ ಹತ್ತು ಗಂಟೆ. ಅಪ್ಪ ರೇಡಿಯೋ ಆರಿಸಿದ. ತನ್ನ ಮೆಟ್ಟಿಲು ಸಾವಿರದ ಇನ್ನೂರು ಮೇಜುಗಳ ಮೇಲೆ ಕೂರುವ ಹಾದಿಯಲ್ಲಿತ್ತು ಎಂದು ತಿಳಿದಾಗ ಅವನ ಮುಖದಲ್ಲಿ ಒಂದು ಕ್ಷಣ ಹಿಗ್ಗು ಕಾಣಿಸಿತು. ಆಮೇಲೆ ಉಳಿದದ್ದೂ ತಿಳಿಯಿತು.

"ಆ ಒಂದು ಹಾಳೆ ತೆಗೆದುಬಿಡು," ಎಂದ.

"ಹಾಳೆಗೆಲ್ಲ ನಂಬರ್ ಹಾಕಿದೀನಿ ಅಪ್ಪ."

"ಯಾರು ಹಾಕು ಅಂದ್ರು?"

"ಯಾರೂ ಅಂದಿಲ್ಲ."

"ಎಲ್ಲಾದ್ರಲ್ಲೂ ಅತಿ," ಎಂದ ಅಪ್ಪ ಗೋಡೆಗೆ.

"ತೆಗೆದ್ರೆ ಮೇಸ್ತ್ರಿ ಮೇಲೆ ಬರತ್ತೆ. ಅವರು ಮೂರಾ ಅಂತ ಕೇಳಿದ್ರು. ನಾನೇ ಹತ್ತಿ ಇಳಿದಿದೀನಿ ಅಂದೆ."

ಅಪ್ಪ ತನ್ನ ಕಾಲನ್ನು ನೋಡಿಕೊಂಡ. "ಎಪ್ಪತ್ತೊಂದು ಸೆಂಟಿಮೀಟರ್ ಎತ್ತರದಲ್ಲಿಟ್ಟಿದ್ರು ಮೊದಲನೇ ಮೆಟ್ಟಿಲು," ಎಂದ. "ದಿನಾ ಹೊಟ್ಟೆ ಮೇಲೆ ಬಿದ್ದು ಹತ್ತಬೇಕಿತ್ತು, ಹಲ್ಲಿ ಥರ. ಟಿಪ್ಪರಿನವರೆಲ್ಲ ಕೆಲಸ ಬಿಟ್ಟು ನಿಂತು ನೋಡೋರು." ಎದ್ದು ಹೋಗಿ ಹಿತ್ತಲಿನಲ್ಲಿ ಬೂಟು ಒರೆಸುತ್ತ ಕೂತ. ಊಟಕ್ಕೆ ಕರೆದಾಗ ಬಂದು, ಉಪ್ಪು ಕಡಿಮೆ ಎಂದೂ ಹೇಳದೆ ಉಂಡ. ಮನೆಯಲ್ಲಿ ಅದು ಒಳ್ಳೆಯ ಲಕ್ಷಣವಲ್ಲ.

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅಪ್ಪ ಹೊರಟು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೇಲಿನವರೆಗೆ ಗುಂಡಿ, ಒರೆಸಿದ ಬೂಟು.

"ಕಲ್ಲು ಹೊರೋಕೆ ಇಷ್ಟು ಅಲಂಕಾರನಾ?" ಎಂದಳು ಅಮ್ಮ.

"ಯಾರಾದ್ರೂ ಬರಬಹುದು," ಎಂದು ಹೇಳಿ, ಮಗಳ ಮುಖ ನೋಡದೆ, ಹೊಸ್ತಿಲು ದಾಟಿದ.

ಅಮ್ಮನೂ ಹೊರಗೆ ಹೋದ ಮೇಲೆ, ಅವಳು ಆ ದಿನ ಬೀಗವನ್ನು ಒಂದೇ ಸಲ ಜಗ್ಗಿದಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಮೇಸ್ತ್ರಿ ಬಾಗಿಲ ಹತ್ತಿರ ಕಾದಿದ್ದ. "ಹಾಳೆ ಬದಲಾಯಿಸಿದ್ಯಾ ತಾಯಿ?"

"ಇಲ್ಲ."

"ದಡ್ಡಿ," ಎಂದ ಮೇಸ್ತ್ರಿ. ಆದರೆ ಅವಳಿಗೆ ದಾರಿ ಬಿಟ್ಟು ಸರಿಯುವಾಗ ಅವನ ಬೆನ್ನು ನಿನ್ನೆಗಿಂತ ನೆಟ್ಟಗಿತ್ತು.

ಅವಳು ಫೈಲು ತೆರೆದು ಪರೀಕ್ಷಕರ ಮುಂದಿಟ್ಟಳು. "ಮೂರು ಅಂತ ಬರೆದವಳು ನಾನು. ಮೇಸ್ತ್ರಿ ನಾನು ಬರೆದದ್ದನ್ನ ಕೊರೆದಿದಾರೆ. ಅವರು ಕೇಳಿದಾಗಲೂ ಮೂರು ಅಂತಲೇ ಹೇಳಿದೆ. ಯಂತ್ರದ ಸಂಖ್ಯೆ ಮೇಲಿದೆ. ಅದನ್ನ ಓಡಿಸೋದು ನಮ್ಮ ತಂದೆ."

ಹೀಗೆ ನಾಲ್ಕು ವಾಕ್ಯ ಹೇಳಿ ಮುಗಿಸಲು ಅವಳು ಬಸ್ಸಿನಲ್ಲಿ ಹದಿನಾಲ್ಕು ಸಲ ಅಭ್ಯಾಸ ಮಾಡಿದ್ದಳು. ಕೊನೆಯ ಐದನೆಯದು ತಾನಾಗಿಯೇ ಬಂತು.

ಯಜಮಾನರು ಮೇಸ್ತ್ರಿಯನ್ನು ನೋಡಿದರು, ಅವಳನ್ನು ನೋಡಿದರು, ಸೋಫಾ ಇಡಬೇಕೆಂದಿದ್ದ ಮೂಲೆಯನ್ನು ನೋಡಿದರು. ಪರೀಕ್ಷಕರು ಮಾತ್ರ ಹಾಳೆ ತಿರುವಿ ಸಂಖ್ಯೆ ಬರೆದುಕೊಂಡು, "ಯಂತ್ರ ನೋಡಬೇಕು. ಎಷ್ಟು ದೂರ?" ಎಂದರು.

ಕ್ವಾರಿಯಲ್ಲಿ ಧೂಳು ಮೊಣಕಾಲುದ್ದ ಇತ್ತು. ಲೋಡರ್ ಕಲ್ಲಿನ ರಾಶಿಯ ಪಕ್ಕ ನಿಂತಿತ್ತು, ಅದರ ಮುಂದೆ ಅಪ್ಪ ಇಸ್ತ್ರಿ ಅಂಗಿಯಲ್ಲಿ, ಮೆರವಣಿಗೆಗೆ ಹೊರಟವನ ಹಾಗೆ. ನೆರಳಿನಲ್ಲಿ ನಾಲ್ಕೈದು ಟಿಪ್ಪರ್ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಕ್ವಾರಿಯ ಮೇಲ್ವಿಚಾರಕ ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಓಡಿ ಬಂದ.

ಪರೀಕ್ಷಕರು ಯಾರೊಂದಿಗೂ ಮಾತಾಡದೆ ಏಣಿಯ ಹತ್ತಿರ ಹೋಗಿ, ಹಿಡಿ ಹಿಡಿದು, ಹತ್ತಿದರು. ಆರಡಿ ಮೂರಿಂಚಿನ ಮನುಷ್ಯನ ಕಾಲು ತಾನೇ ತಾನಾಗಿ ಕೆಳಗಿನ ಮೆಟ್ಟಿಲ ಮೇಲೆ ಬಿತ್ತು. ಮೇಲೆ ಹೋಗಿ, ಒಳಗೆ ಇಣುಕಿ, ಇಳಿಯುವಾಗಲೂ ಅಲ್ಲೇ ಬಿತ್ತು. ಕೆಳಗೆ ಬಂದು ನಿಂತು ತಮ್ಮ ಕಾಲನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಟೇಪು ತೆಗೆದು ಅಳೆದರು. ನೆಲದಿಂದ ಮೂವತ್ತೆಂಟು ಸೆಂಟಿಮೀಟರ್.

"ಇದು ಎಲ್ಲಿಂದ ಬಂತು?"

"ಕಂಪನಿಯಿಂದಾನೇ ಬಂದಿದ್ದು ಸಾರ್," ಎಂದ ಅಪ್ಪ. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ಕೇಳಲಿಲ್ಲ.

"ಕಂಪನಿಯವನು ನಾನೇ," ಎಂದರು ಪರೀಕ್ಷಕರು. "ನಾವು ಕೊಟ್ಟಿಲ್ಲ."

ಚಹಾ ಲೋಟಗಳು ಅರ್ಧ ದಾರಿಯಲ್ಲಿ ನಿಂತವು. ಅಪ್ಪ ಟಿಪ್ಪರಿನವರ ಕಡೆ ನೋಡಿದ, ಮಗಳ ಕಡೆ ನೋಡಿದ. ಅವಳು ನೆಲ ನೋಡಬೇಕೆಂದುಕೊಂಡಳು, ಆದರೆ ನೋಡಲಿಲ್ಲ.

"ನನ್ನ ಕಾಲು ಎಟುಕ್ತಿರಲಿಲ್ಲ ಸಾರ್," ಎಂದ ಅಪ್ಪ. "ನಾನೇ ಹಾಕ್ಕೊಂಡೆ."

ಯಾರೂ ನಗಲಿಲ್ಲ. ಆಮೇಲೆ ಟಿಪ್ಪರಿನವರಲ್ಲಿ ಹಿರಿಯ ಡ್ರೈವರು ಲೋಟ ಕೆಳಗಿಟ್ಟ.

"ಅಯ್ಯೋ ಮುಕ್ಕಾಲಣ್ಣ, ಇದನ್ನ ಹೇಳೋಕೆ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ್ಯಾ? ನಮಗೆಲ್ಲ ಮೊದಲನೇ ದಿನಾನೇ ಗೊತ್ತಿತ್ತು."

"ಗೊತ್ತಿತ್ತಾ?"

"ಬಣ್ಣ ಬೇರೆ ಇದೆಯಲ್ಲ. ಯಂತ್ರಕ್ಕೆಲ್ಲ ಒಂದು ಹಳದಿ, ಇದಕ್ಕೊಂದು ಹಳದಿ. ನೀನು ಕಂಪನಿದು ಅಂತಿದ್ದೆ. ದೊಡ್ಡವನು ಹೇಳ್ತಾನೆ, ನಮ್ಮ ಗಂಟೇನು ಹೋಗತ್ತೆ ಅಂತ ಹೂಂ ಅಂತಿದ್ವಿ."

ಅಳತೆಯಮ್ಮ ಮೆಟ್ಟಿಲನ್ನು ನೋಡಿದಳು. ನಿಜ. ಮೇಲಿನ ಎರಡಕ್ಕೆ ಮೊಟ್ಟೆಯೊಳಗಿನ ಹಳದಿ, ಕೆಳಗಿನದಕ್ಕೆ ನಿಂಬೆಯ ಹಳದಿ. ಕಾರ್ಖಾನೆಯಲ್ಲಿ ಬಣ್ಣ ಒಂದು ಎಳೆ ಹೆಚ್ಚು ಕಡಿಮೆಯಾದರೂ ಇಡೀ ತಟ್ಟೆ ಮಾದರಿಗಳನ್ನು ವಾಪಸು ಕಳಿಸುವವಳು ಅವಳು. ಇಡೀ ಕ್ವಾರಿಗೆ ಗೊತ್ತಿದ್ದದ್ದು, ಮನೆಯಲ್ಲಿ ಅಮ್ಮನಿಗೆ ಗೊತ್ತಿದ್ದದ್ದು, ಕೂದಲೆಳೆಯನ್ನು ಹತ್ತು ಪಾಲು ಮಾಡಿ ಅಳೆಯುವ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಅಳೆದಿದ್ದಳು, ನೋಡಿರಲಿಲ್ಲ.

ಮೇಲ್ವಿಚಾರಕ ಪುಸ್ತಕ ತೆರೆದ. "ಸಾರ್, ಯಂತ್ರಕ್ಕೆ ವೆಲ್ಡಿಂಗ್ ಮಾಡಿದವರನ್ನ ಇಳಿಸಬೇಕು ಅಂತ ನಮ್ಮ ನಿಯಮ ಇದೆ. ಹದಿನಾಲ್ಕನೇದು."

ಪರೀಕ್ಷಕರು ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದರು. "ತಿಂಗಳಿಗೊಂದ್ಸಲ ಯಂತ್ರ ತಪಾಸಣೆ ಮಾಡ್ತೀರಲ್ಲ, ಅದರ ಪುಸ್ತಕನೂ ಇದೇ ತಾನೆ?"

"ಇದೇ ಸಾರ್."

"ಏಣಿ ಅನ್ನೋ ಕಡೆ ಏನು ಬರೆದಿದೀರಿ?"

ಮೇಲ್ವಿಚಾರಕ ಹಾಳೆ ತಿರುವಿದ. ಹಿಂದಿನ ತಿಂಗಳು, ಅದರ ಹಿಂದಿನ ತಿಂಗಳು. "'ಸರಿಯಾಗಿದೆ' ಅಂತ."

"ಎಷ್ಟು ವರ್ಷದಿಂದ?"

"ನಾನು ಬಂದು ಒಂಬತ್ತು ವರ್ಷ ಸಾರ್."

"ಸಹಿ ಯಾರದು?"

ಮೇಲ್ವಿಚಾರಕ ಪುಸ್ತಕ ಮುಚ್ಚಿದ. ಮುಚ್ಚಿದ ಪುಸ್ತಕದಿಂದ ಸ್ವಲ್ಪ ಧೂಳೆದ್ದಿತು.

ಪರೀಕ್ಷಕರು ತಮ್ಮ ಫಾರಂ ತೆಗೆದು ಬರೆಯತೊಡಗಿದರು. ಬರೆಯುವಾಗ ಗಟ್ಟಿಯಾಗಿ ಓದುವುದು ಅವರ ಅಭ್ಯಾಸವಿರಬೇಕು. "ಕೆಳಗಿನ ಮೆಟ್ಟಿಲು. ಮೂಲದ್ದಲ್ಲ. ಬೆಸುಗೆ ಗಟ್ಟಿಯಾಗಿದೆ. ತೆಗೆಯತಕ್ಕದ್ದು." ತಲೆ ಎತ್ತಿದರು. "ಯಾರು ಹಾಕಿದ್ದು ಅನ್ನೋ ಕಾಲಂ ನನ್ನ ಫಾರಂನಲ್ಲಿಲ್ಲ. ಮಾದರಿಯಲ್ಲೂ ತೆಗೀಬೇಕು. ಮೂರು ವಾರ ಟೈಮಿದೆ."

"ಸಾರ್," ಎಂದ ಅಪ್ಪ, "ಮೊದಲನೇ ಮೆಟ್ಟಿಲು ತುಂಬಾ ಮೇಲಿದೆ ಅಂತ ಕಂಪನಿಗೆ ಹೇಳ್ಬಹುದಾ?"

"ಹೇಳಬಹುದು. ಆದ್ರೆ ಈ ಯಂತ್ರ ಮಾಡೋದು ನಿಲ್ಲಿಸಿ ಹದಿನೆಂಟು ವರ್ಷ ಆಯ್ತು," ಎಂದು ಹೇಳಿ ಪರೀಕ್ಷಕರು, ಅಲ್ಲಿ ಬಾಗಿಲೇನೂ ಇಲ್ಲದಿದ್ದರೂ, ಸ್ವಲ್ಪ ಬಗ್ಗಿ ಕಾರಿನತ್ತ ನಡೆದರು.

ಮೇಸ್ತ್ರಿ ಆ ಆರು ಮಿಲಿಮೀಟರಿನ ಗುಳಿಯನ್ನು ತುಂಬಲು ಎರಡು ದಿನ ತೆಗೆದುಕೊಂಡ. ಉಕ್ಕಿನ ತಂತಿಯನ್ನು ಹನಿ ಹನಿಯಾಗಿ ಕರಗಿಸಿ ತುಂಬಿ, ಅರೆದು, ಮತ್ತೆ ತುಂಬಿ, ಮತ್ತೆ ಅರೆದ. ಅಳತೆಯಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ದೀಪ ಹಿಡಿದಳು. ಬೇಡವೆಂದರೂ ಹಿಡಿದಳು. ಯಜಮಾನರು ಎರಡು ಸಲ ಬಂದು ನೋಡಿ ಹೋದರು. ಗುಳಿ ಇದ್ದ ಜಾಗ ಕಣ್ಣಿಗೆ ಕಾಣದಂತಾದಾಗ, ತಮ್ಮಷ್ಟಕ್ಕೆ, "ಸೋಫಾ ಬಾಗಿಲ ಹತ್ತಿರಾನೂ ಹಾಕಬಹುದು," ಎಂದರು. ಅವಳ ಸಂಬಳ ಹೆಚ್ಚಿಸುವ ಮಾತು ಆ ವರ್ಷ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎರಡು ಮೆಟ್ಟಿಲಿನ ಸಾವಿರದ ಇನ್ನೂರು ಲೋಡರುಗಳು ಸಮಯಕ್ಕೆ ಸರಿಯಾಗಿ ಹೊರಟವು. ಭೂತಗನ್ನಡಿ ಹಿಡಿದು ಗೊತ್ತಿದ್ದವರು ನೋಡಿದರೆ ಏಣಿಯ ಬುಡದಲ್ಲಿ ಕೂದಲಿಗಿಂತ ತೆಳುವಾದ ಒಂದು ಗೆರೆ ಕಾಣುತ್ತದೆ. ಅವಳು ತೋರಿಸಿದಳು. "ಬಿಡು ತಾಯಿ," ಎಂದ ಮೇಸ್ತ್ರಿ. "ಬಿದ್ದು ಎದ್ದವರಿಗೆ ಅಷ್ಟು ಗುರುತು ಇರಬೇಕು."

ಕ್ವಾರಿಯಲ್ಲೂ ಮೆಟ್ಟಿಲು ಕತ್ತರಿಸಿದರು. ಅಪ್ಪ ಅದನ್ನು ಹಳೆಯ ಕಾಗದದಲ್ಲಿ ಸುತ್ತಿ ಮನೆಗೆ ತಂದ. ಅಮ್ಮ ಅದನ್ನು ಬಚ್ಚಲಲ್ಲಿ ಸಾಬೂನಿಡಲು ಹಾಕಿದಳು. ಲೋಡರಿನ ಮೇಲೆ ಅವನೇ ಉಳಿದ, ಆದರೆ ನಾಲ್ಕು ದಿನ ಮೊಣಕಾಲು ತರಚಿಕೊಂಡು ಬಂದ. ಹಲ್ಲಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಐದನೆಯ ದಿನ ಅಳತೆಯಮ್ಮ ಮಾದರಿಗಳನ್ನು ತುಂಬಿ ಕಳಿಸುವ ಮರದ ಪೆಟ್ಟಿಗೆಯೊಂದನ್ನು ಯಜಮಾನರ ಹತ್ತಿರ ಕೇಳಿ ತಂದಳು. ಮಗುಚಿ ಹಾಕಿ ಅಳೆದಳು. ಎತ್ತರ ಮೂವತ್ತಾರು. ಎರಡು ಸೆಂಟಿಮೀಟರಿನ ಹಲಗೆ ಬಡಿದು, ಅದರ ಮೇಲೆ ಕಾಲು ಜಾರದಂತೆ ಐದು ಪಟ್ಟಿ ಹೊಡೆದು, ಮತ್ತೆ ಅಳೆದಳು. ಮೂವತ್ತೆಂಟು. ಇನ್ನೊಮ್ಮೆ ಅಳೆದಳು. ಹತ್ತಿಕೊಂಡ ಮೇಲೆ ಮೇಲಕ್ಕೆ ಎಳೆದುಕೊಳ್ಳಲು ಒಂದು ಹಗ್ಗವನ್ನೂ ಕಟ್ಟಿದಳು. ಯಂತ್ರಕ್ಕೆ ಇದನ್ನು ಯಾರೂ ಬೆಸೆದಿಲ್ಲವಾದ್ದರಿಂದ ಹದಿನಾಲ್ಕನೇ ನಿಯಮಕ್ಕೆ ಹೇಳಲು ಏನೂ ಇರಲಿಲ್ಲ.

ಮಾರನೆಯ ದಿನ ಅವಳು ಕೆಲಸಕ್ಕೆ ತಡವಾಗುತ್ತದೆಂದು ಗೊತ್ತಿದ್ದೂ ಕ್ವಾರಿಯ ಗೇಟಿನ ಹೊರಗೆ ನಿಂತು ನೋಡಿದಳು. ಅಪ್ಪ ಪೆಟ್ಟಿಗೆಯನ್ನು ಏಣಿಯ ಕೆಳಗಿಟ್ಟು, ಸುತ್ತ ಒಮ್ಮೆ ನೋಡಿ, ಅದರ ಮೇಲೆ ಕಾಲಿಟ್ಟು, ಮೆಟ್ಟಿಲಿಗೆ ಏರಿ, ಒಳಗೆ ಹೋಗಿ ಕೂತು, ಹಗ್ಗ ಎಳೆದುಕೊಂಡ. ಪೆಟ್ಟಿಗೆಯ ಬದಿಯ ಮೇಲೆ ಕಾರ್ಖಾನೆಯ ಮುದ್ರೆ ಕಾಣುತ್ತಿತ್ತು: ಐವತ್ತರಲ್ಲೊಂದು ಪಾಲು, ಜೋಪಾನ.

"ಇದೆಲ್ಲಿಂದ ಬಂತು ಮುಕ್ಕಾಲಣ್ಣ?" ಎಂದು ಹಿರಿಯ ಡ್ರೈವರು ಕೆಳಗಿನಿಂದ ಕೂಗಿದ.

"ಕಂಪನಿಯಿಂದಾನೇ ಬಂದಿದ್ದು," ಎಂದ ಅಪ್ಪ ಮೇಲಿನಿಂದ.

"ಹೂಂ," ಎಂದ ಡ್ರೈವರು.